ಬಟಾಣಿ ಸೂಪಿಗೆ ಹ್ಯಾಮ್ ಸೇರಿದ ದಾರಿ

1958ರಲ್ಲಿ ಸ್ವೀಡನ್ನಿನ ವೆಸ್ಟೆರೋಸ್ ಕತೀಡ್ರಲಿನಲ್ಲಿದ್ದ ಹದಿನಾಲ್ಕನೆಯ ಎರಿಕ್ ದೊರೆಯ ಸಮಾಧಿಯನ್ನು ತೆರೆಯಲಾಯಿತು. ಪಟ್ಟ ಕಳೆದುಕೊಂಡು ಸೆರೆಯಲ್ಲಿದ್ದ ಈತ 1577ರ ಫೆಬ್ರವರಿಯಲ್ಲಿ ಸತ್ತದ್ದು ಬಟಾಣಿ ಸೂಪಿನಲ್ಲಿ ಬೆರೆಸಿದ ವಿಷದಿಂದ ಎಂಬ ಮಾತು ಆ ದೇಶದಲ್ಲಿ ಬಹುಕಾಲದಿಂದ ಇತ್ತು. ಅವಶೇಷಗಳಲ್ಲಿ ಆರ್ಸೆನಿಕ್ ಸಿಕ್ಕಿತು. ಹಾಗೆಂದು ವಿಷ ಸೂಪಿನಲ್ಲೇ ಇತ್ತೆಂದು ಮೂಳೆಗಳೇನೂ ಹೇಳಲಾರವು. ಆದರೂ ಕಥೆ ಆರಿಸಿಕೊಂಡ ಅಡುಗೆ ಗಮನ ಸೆಳೆಯುತ್ತದೆ: ಯಾರ ಮನೆಯಲ್ಲಾದರೂ ಇರುವ, ಯಾರೂ ಅನುಮಾನಿಸದ ಬಟಾಣಿ ಸೂಪು.

ಈ ಸೂಪಿಗೆ ಹೊಗೆಯುಂಡ ಹಂದಿಮಾಂಸ ಜತೆಯಾದದ್ದು ಹೇಗೆ? ರುಚಿಗಾಗಿ ಎಂಬುದು ಸುಲಭದ ಉತ್ತರ. ದಾಖಲೆಗಳನ್ನು ನೋಡಿದರೆ ಉಗ್ರಾಣಕ್ಕೂ ಚರ್ಚಿನ ಉಪವಾಸದ ಪಂಚಾಂಗಕ್ಕೂ ಇದರಲ್ಲಿ ಹೆಚ್ಚಿನ ಪಾಲಿದೆ ಅನಿಸುತ್ತದೆ.

ಬಟಾಣಿ ಪಶ್ಚಿಮ ಏಷ್ಯಾದ ಮೊದಮೊದಲ ಬೆಳೆಗಳಲ್ಲೊಂದು. ಕ್ರಿ.ಪೂ. 405ರಲ್ಲಿ ಅಥೆನ್ಸಿನಲ್ಲಿ ಆಡಿದ ಅರಿಸ್ಟೊಫೇನಿಸನ ‘ಕಪ್ಪೆಗಳು’ ನಾಟಕದಲ್ಲಿ, ಸತ್ತ ಕವಿ ಯೂರಿಪಿಡೀಸನಿಗಾಗಿ ತಾನು ಪಡುವ ಹಂಬಲವನ್ನು ಡಯೊನೈಸಸ್ ದೇವರು ಹೊಟ್ಟೆಬಾಕ ವೀರ ಹೆರಾಕ್ಲೀಸನಿಗೆ ವಿವರಿಸಬೇಕಾಗುತ್ತದೆ. ಆಗ ಅವನು ಹಿಡಿಯುವ ಉದಾಹರಣೆ ಕಾಳಿನ ಗಟ್ಟಿ ಸೂಪು. ಅದರಲ್ಲಿ ಹಂದಿಯ ಸುಳಿವಿಲ್ಲ. ಅಪಿಸಿಯಸ್ ಹೆಸರಿನ ರೋಮನ್ ಪಾಕಗ್ರಂಥದಲ್ಲಿ ಬಟಾಣಿಯೊಂದಿಗೆ ಲುಕಾನಿಯಾದ ಸಾಸೇಜು ಬರುತ್ತದೆ ನಿಜ, ಆದರೆ ಅದು ಅಚ್ಚಿಗೆ ಪದರಪದರವಾಗಿ ತುಂಬಿ ಬೇಯಿಸುವ ಸಿರಿವಂತರ ಭಕ್ಷ್ಯ. ಇಂದಿನ ಸೂಪಿನ ಮೂಲವನ್ನು ಅಲ್ಲಿ ಹುಡುಕುವುದು ದೂರದ ನೆಂಟಸ್ತನ ಹೇಳಿಕೊಂಡಂತೆ.

ನಿಜವಾದ ಸುಳಿವು ಸಿಗುವುದು ಪ್ಯಾರಿಸಿನಲ್ಲಿ. ವಯಸ್ಸಾದ ಗೃಹಸ್ಥನೊಬ್ಬ ಎಳೆಯ ಹೆಂಡತಿಗೆ ಮನೆವಾರ್ತೆ ಕಲಿಸಲೆಂದು 1393ರ ಸುಮಾರಿಗೆ ಬರೆದ ‘ಲೆ ಮೆನಾಜಿಯೆ ದ ಪಾರಿ’ ಎಂಬ ಕೈಪಿಡಿಯಲ್ಲಿ ಒಣ ಬಟಾಣಿಯ ಅಡುಗೆ ಎರಡು ಬಗೆಯದು. ಮಾಂಸ ತಿನ್ನುವ ದಿನ ಅದಕ್ಕೆ ಉಪ್ಪು ಹಾಕಿದ ಹಂದಿಕೊಬ್ಬು ಸೇರುತ್ತದೆ. ಮೀನಿನ ದಿನಕ್ಕೆ ತಿಮಿಂಗಿಲ! ಉಪ್ಪೂಡಿಸಿದ ತಿಮಿಂಗಿಲದ ಮಾಂಸವನ್ನು ತೆಳ್ಳಗೆ ಹೆಚ್ಚಿ, ಹಂದಿಕೊಬ್ಬಿನಂತೆಯೇ ಬೇಯಿಸಿ ಬಟಾಣಿಯ ಜತೆ ಬಡಿಸಬೇಕಂತೆ. ನೀರಿನಲ್ಲಿರುವುದರಿಂದ ತಿಮಿಂಗಿಲ ಆಗಿನ ಲೆಕ್ಕದಲ್ಲಿ ಮೀನು; ಉಪವಾಸಕ್ಕೆ ಭಂಗವಿಲ್ಲ. ಹಂದಿಕೊಬ್ಬಿಲ್ಲದ ಬಟಾಣಿಯನ್ನು ನೆನೆಯಲೂ ಆಗದಷ್ಟು ಆ ಜೋಡಿ ರೂಢಿಯಾಗಿದ್ದರಿಂದಲೇ ತಾನೆ ಇಂಥ ಬದಲಿಯನ್ನು ಹುಡುಕಿದ್ದು?

ಜೋಡಿ ಬೆಸೆದದ್ದು ಋತುಮಾನ. ಚಳಿಗಾಲದಲ್ಲಿ ಮೇವಿಗೆ ತತ್ವಾರವಾಗುವ ಉತ್ತರ ಯುರೋಪಿನಲ್ಲಿ ಶರತ್ಕಾಲ ಮುಗಿಯುವಾಗ ಹಂದಿಗಳನ್ನು ಕಡಿದು, ತೊಡೆಗಳನ್ನು ಉಪ್ಪಿನಲ್ಲಿಟ್ಟು ಹೊಗೆಗೆ ತೂಗುಹಾಕುತ್ತಿದ್ದರು. ಬೇಸಿಗೆಯ ಬಟಾಣಿ ಅಷ್ಟರಲ್ಲಿ ಒಣಗಿ ಕಣಜ ಸೇರಿರುತ್ತಿತ್ತು. ಮಾಂಸ ಮುಗಿದರೂ ಮೂಳೆ, ತೊಗಲು, ಗೆಣ್ಣು ಉಳಿಯುತ್ತಿದ್ದವು. ಸಪ್ಪೆ ಬಟಾಣಿಗೆ ಬೇಕಾದ ಉಪ್ಪು, ಕೊಬ್ಬು, ಹೊಗೆಯ ಘಮ ಮೂರೂ ಅವುಗಳಲ್ಲೇ ಇದ್ದವು. ಸ್ವೀಡನ್ನಿನಲ್ಲಿ ಇಂದಿಗೂ ಗುರುವಾರವೆಂದರೆ ಹಳದಿ ಬಟಾಣಿ ಸೂಪು, ಹಿಂದೆಯೇ ಪ್ಯಾನ್‌ಕೇಕ್. ಸೈನ್ಯದ ಊಟದ ಮನೆಗಳಲ್ಲೂ ಅದೇ ಕ್ರಮ. ಶುಕ್ರವಾರದ ಉಪವಾಸಕ್ಕೆ ಮುನ್ನ ಹೊಟ್ಟೆತುಂಬ ಉಣ್ಣುವ ಕ್ಯಾಥೊಲಿಕ್ ರೂಢಿಯಿಂದ ಇದು ಬಂತೆನ್ನುತ್ತಾರೆ. ದೇಶ 16ನೆಯ ಶತಮಾನದಲ್ಲೇ ಲೂಥರನ ಮತಕ್ಕೆ ಹೊರಳಿತು, ಉಪವಾಸ ಹೋಯಿತು, ಗುರುವಾರ ಮಾತ್ರ ಕದಲಲಿಲ್ಲ.

ಕೆಡದ ಎರಡು ಪದಾರ್ಥಗಳ ಈ ಅಡುಗೆ ಹಡಗಿಗೂ ಹೇಳಿ ಮಾಡಿಸಿದಂಥದು. 18ನೆಯ ಶತಮಾನದ ಬ್ರಿಟಿಷ್ ನೌಕಾಪಡೆಯಲ್ಲಿ ಒಬ್ಬ ನಾವಿಕನ ವಾರದ ಪಡಿಯಲ್ಲಿ 2 ಪೌಂಡ್ ಉಪ್ಪು ಹಂದಿಮಾಂಸ, 2 ಪೈಂಟ್ ಬಟಾಣಿ ಇರುತ್ತಿತ್ತು. ಮಾಂಸವಿಲ್ಲದ ದಿನಗಳಿಗೆ ಅವರು ಗುಜರಾತಿನ ಸಸ್ಯಾಹಾರಿ ಬನಿಯಾಗಳ ಹೆಸರಿಟ್ಟಿದ್ದರು. ಹಂದಿ ಬಿಟ್ಟ ಬಟಾಣಿ ಅವರಿಗೆ ಪರದೇಶದ ವ್ರತದಂತೆ ಕಂಡಿರಬೇಕು.

ಸೈನ್ಯ ಇದನ್ನು ಕಾರ್ಖಾನೆಗೆ ಒಯ್ದಿತು. ಬರ್ಲಿನ್ನಿನ ಅಡುಗೆಯವ ಯೋಹಾನ್ ಹೈನ್‌ರಿಶ್ ಗ್ರ್ಯೂನೆಬೆರ್ಗ್ 1867ರಲ್ಲಿ ಬಟಾಣಿ ಹಿಟ್ಟು, ಕೊಬ್ಬು, ಈರುಳ್ಳಿ, ಉಪ್ಪು, ಮಸಾಲೆ ಕಲಸಿ ಸಾಸೇಜಿನ ಆಕಾರಕ್ಕೆ ಒತ್ತಿದ. ‘ಎರ್ಬ್ಸ್‌ವುರ್ಸ್ಟ್’ ಎಂದು ಹೆಸರಾದ ಈ ತುಂಡನ್ನು ಕುದಿವ ನೀರಿಗೆ ಹಾಕಿದರೆ ಸೂಪು ಸಿದ್ಧ. ಪ್ರಷ್ಯನ್ ಸರ್ಕಾರ ತಯಾರಿಕೆಯ ಹಕ್ಕನ್ನು ಕೊಂಡುಕೊಂಡಿತು. 1870–71ರ ಫ್ರಾನ್ಸ್ ಯುದ್ಧದಲ್ಲಿ ಪಡೆಗಳು ಇದನ್ನುಂಡೇ ನಡೆದವು. 1889ರಿಂದ ಕ್ನೋರ್ ಕಂಪನಿ ಮಾಡುತ್ತ ಬಂದ ಈ ಸರಕಿನ ತಯಾರಿಕೆ ನಿಂತದ್ದು 2018ರ ಕೊನೆಗೆ. ಪೊಟ್ಟಣದ ಸೂಪುಗಳ ವಂಶಾವಳಿ ಬರೆಯುವವರು ಇಲ್ಲಿಂದಲೇ ಶುರುಮಾಡಬಹುದು.

ಸೂಪಿನ ಬಣ್ಣದಲ್ಲೂ ದೇಶಭೇದವಿದೆ. ಸ್ವೀಡನ್, ಕ್ವಿಬೆಕ್ ಹಳದಿ. ಫಿನ್‌ಲೆಂಡ್, ನೆದರ್ಲೆಂಡ್ಸ್ ಹಸಿರು. ಬ್ರ್ನೋ ನಗರದ ಮಠದ ಗ್ರೆಗರ್ ಮೆಂಡೆಲ್ 1866ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಎಣಿಸಿದ್ದು ಇದನ್ನೇ: ಎರಡನೆಯ ತಲೆಮಾರಿನಲ್ಲಿ 6,022 ಹಳದಿ, 2,001 ಹಸಿರು ಕಾಳು. ಹಸಿರು ಬಗೆಯಲ್ಲಿ ಕಾಳು ಬಲಿತರೂ ಪತ್ರಹರಿತ್ತು ಕರಗುವುದಿಲ್ಲ. ಇದಕ್ಕೆ ಕಾರಣವಾದ ವಂಶವಾಹಿ ಯಾವುದೆಂದು 2007ರಲ್ಲಿ ಗೊತ್ತಾಯಿತು. ಹಳದಿ ಬಟಾಣಿಯನ್ನು ಕೆನಡಾ ಭಾರತಕ್ಕೂ ದೊಡ್ಡ ಪ್ರಮಾಣದಲ್ಲಿ ಮಾರುತ್ತದೆ. 2017ರ ನವೆಂಬರಿನಲ್ಲಿ ಭಾರತ ಅದರ ಮೇಲೆ ಶೇ. 50 ಆಮದು ಸುಂಕ ಹೇರಿತು, 2023ರ ಡಿಸೆಂಬರಿನಲ್ಲಿ ತೆಗೆಯಿತು.

ಈ ಸೂಪನ್ನು ಮನೆಯಲ್ಲಿ ಮಾಡುವವರಿಗೆ ಬಟಾಣಿ ಬೇಳೆಯೇ ಅನುಕೂಲ. ಸಿಪ್ಪೆ ಕಳೆದು ಒಡೆದಿರುವುದರಿಂದ ನೆನೆಹಾಕುವ ಗೋಜಿಲ್ಲ. ಅರ್ಧ ಕಿಲೋ ಬೇಳೆಗೆ ಎರಡು ಲೀಟರ್ ನೀರು, ಹೊಗೆಗೊಡ್ಡಿದ ಹಂದಿಯ ಕಾಲಿನ ಗೆಣ್ಣು ಒಂದು, ಈರುಳ್ಳಿ, ಕ್ಯಾರೆಟ್, ಸೆಲರಿ, ಲವಂಗದೆಲೆ, ಸ್ವಲ್ಪ ಥೈಮ್. ಸಣ್ಣ ಉರಿಯಲ್ಲಿ ಒಂದೂವರೆ ಎರಡು ತಾಸು ಬೇಯುವಷ್ಟರಲ್ಲಿ ಗೆಣ್ಣಿನ ಕೊಲಾಜನ್ ಜೆಲಟಿನ್ ಆಗಿ ಸೂಪಿಗೆ ಮೈ ಕೊಡುತ್ತದೆ. ಉಪ್ಪನ್ನು ಕೊನೆಗೆ, ರುಚಿ ನೋಡಿಯೇ ಹಾಕಬೇಕು. ಹ್ಯಾಮ್ ಎಷ್ಟು ಬಿಡುತ್ತದೋ ಮೊದಲೇ ಹೇಳಲಾಗದು. ಗಡಸು ನೀರಿನ ಕ್ಯಾಲ್ಸಿಯಂ ಕಾಳಿನ ಪೆಕ್ಟಿನ್ನನ್ನು ಬಿಗಿಗೊಳಿಸುವುದರಿಂದ ಕೊಳವೆಬಾವಿಯ ನೀರಿನಲ್ಲಿ ಬೇಳೆ ಬೇಗ ಕರಗದು. ತೊಗರಿ ಬೇಳೆ ಬೇಯದೆ ಗೊಣಗಿದ ಬಯಲುಸೀಮೆಯ ಅಡುಗೆಮನೆಗಳಿಗೆ ಈ ತಾಪತ್ರಯ ಹೊಸದಲ್ಲ, ಚಿಟಿಕೆ ಅಡುಗೆ ಸೋಡಾದ ಮದ್ದೂ ಹೊಸದಲ್ಲ. ಗೆಣ್ಣನ್ನು ಹೊರತೆಗೆದು ಮಾಂಸ ಬಿಡಿಸಿ ಮತ್ತೆ ಸೇರಿಸುವ ಹೊತ್ತಿಗೆ ತಳ ಹಿಡಿಯುವ ಅಪಾಯ ಹೆಚ್ಚು, ಕೈಯಾಡಿಸುತ್ತಿರಬೇಕು. ಡಚ್ಚರು ತಮ್ಮ ‘ಸ್ನೆರ್ಟ್’ಗೆ ಹೊಗೆಯ ಸಾಸೇಜು ಹೆಚ್ಚಿ ಹಾಕಿ, ಮಾರನೆಯ ದಿನ ಇನ್ನಷ್ಟು ಗಟ್ಟಿಯಾದ ಮೇಲೆ ರೈ ರೊಟ್ಟಿಯ ಜತೆ ಉಣ್ಣುವುದನ್ನೇ ಮೆಚ್ಚುತ್ತಾರೆ.