ತಾಳ ತಪ್ಪಿದ ಎದೆ ಮತ್ತು ನನ್ನ ಸೈಕಲ್ಲು

ನಮ್ಮೂರ ಕೆರೆ ಏರಿಯ ಮೇಲೆ ಸೈಕಲ್ ತುಳಿದುಕೊಂಡು ಶಾಲೆಗೆ ಹೋಗುತ್ತಿದ್ದಾಗ, ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ, ನನ್ನ ಎದೆಯೊಳಗೆ ಯಾರೋ ಗೋಲಿಗಳನ್ನು ಚೆಲ್ಲಿದ ಹಾಗಾಯಿತು. ಇಳಿದು ಮೋರಿಕಟ್ಟೆಯ ಮೇಲೆ ಕೂತು ಮಣಿಕಟ್ಟು ಹಿಡಿದುಕೊಂಡೆ. ನಾಡಿ ಎರಡು ಹೊಡೆತ ಓಡಿತು, ಒಂದನ್ನು ನುಂಗಿತು, ಮತ್ತೆ ಮೂರನ್ನು ಒಟ್ಟಿಗೆ ಬಡಿಯಿತು. ಎಣಿಸಲು ಹೋದರೆ ಲೆಕ್ಕವೇ ಸಿಗಲಿಲ್ಲ. ಪ್ರಾರ್ಥನೆಯ ಬೆಲ್ಲು ಹೊಡೆಯುವ ಹೊತ್ತಾಗುತ್ತಿತ್ತು. ಐದು ನಿಮಿಷ ಕೂತು, ಸೈಕಲ್ಲನ್ನು ತಳ್ಳಿಕೊಂಡೇ ಶಾಲೆಗೆ ಹೋದೆ.

ಆ ಸಂಜೆ ತೋರಿಸಿಕೊಂಡ ಕಡೆ, "ಗ್ಯಾಸ್ ಇರಬೇಕು, ಮುಟ್ಟು ನಿಲ್ಲುವ ವಯಸ್ಸಲ್ಲವೇ" ಎಂದು ಮಾತ್ರೆ ಬರೆದುಕೊಟ್ಟರು. ನಮ್ಮ ವಯಸ್ಸಿನ ಹೆಂಗಸರಿಗೆ ಬರುವ ಎಲ್ಲ ಕಾಯಿಲೆಗೂ ಇವೆರಡೇ ಕಾರಣ ಎಂದು ನೀವೂ ಕೇಳಿರುತ್ತೀರಿ. ನಾಲ್ಕು ತಿಂಗಳ ಮೇಲೆ ತರಗತಿಯಲ್ಲಿ ಪಾಠ ಹೇಳುತ್ತಿದ್ದಾಗ ಮತ್ತೆ ಹಾಗೆಯೇ ಆಯಿತು. ಈ ಸಲ ಜಿಲ್ಲಾ ಕೇಂದ್ರಕ್ಕೆ ಹೋಗಿ ಇ.ಸಿ.ಜಿ. ತೆಗೆಸಿದೆ. ಅಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಕಾಗದದ ಮೇಲಿನ ಗೆರೆಗಳನ್ನು ನೋಡಿ, "ಮೇಡಂ, ಇದು ಏಟ್ರಿಯಲ್ ಫಿಬ್ರಿಲೇಶನ್" ಎಂದರು.

ಅವರು ಹೇಳಿದ್ದನ್ನು ನಾನು ನನ್ನ ಭಾಷೆಯಲ್ಲಿ ಅರ್ಥ ಮಾಡಿಕೊಂಡದ್ದು ಹೀಗೆ. ಹೃದಯದ ಮೇಲಿನ ಎರಡು ಕೋಣೆಗಳು ಹೃತ್ಕರ್ಣಗಳು, ಕೆಳಗಿನವು ಹೃತ್ಕುಕ್ಷಿಗಳು. ಬಲಗಡೆಯ ಮೇಲಿನ ಕೋಣೆಯಲ್ಲಿ ಬೆಲ್ಲು ಹೊಡೆಯುವ ಒಂದು ಪುಟ್ಟ ಗಂಟು ಇದೆ. ಅದು ಹೊಡೆದಂತೆ ಇಡೀ ಶಾಲೆ ನಡೆಯಬೇಕು. ಈ ಕಾಯಿಲೆಯಲ್ಲಿ ಮೇಲಿನ ಕೋಣೆಯ ಮಕ್ಕಳೆಲ್ಲ ತಮಗೆ ತೋಚಿದ ಹಾಗೆ ಬೆಲ್ಲು ಹೊಡೆಯತೊಡಗುತ್ತಾರೆ, ನಿಮಿಷಕ್ಕೆ 300ಕ್ಕೂ ಮಿಕ್ಕಿ. ನಡುವೆ ಗೇಟು ಕಾಯುವವನೊಬ್ಬ ಇದ್ದಾನೆ. ಅವನು ಎಲ್ಲವನ್ನೂ ಒಳಗೆ ಬಿಡುವುದಿಲ್ಲ, ಕೆಲವನ್ನು ಮಾತ್ರ ಬಿಡುತ್ತಾನೆ. ಹಾಗಾಗಿ ಕೆಳಗಿನ ಕೋಣೆಗಳು ಬಡಿಯುತ್ತವೆ, ಆದರೆ ತಾಳವಿಲ್ಲದೆ. ಮೇಲಿನ ಕೋಣೆ ಸರಿಯಾಗಿ ಹಿಂಡದೆ ಬರಿದೇ ಅದುರುವುದರಿಂದ ಅಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಮಿದುಳಿಗೆ ಹೋದರೆ ಲಕ್ವ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನವರನ್ನು 1948ರಿಂದ ಪರೀಕ್ಷಿಸುತ್ತ ಬಂದ ವೈದ್ಯರು, ಈ ಕಾಯಿಲೆ ಇದ್ದವರಿಗೆ ಲಕ್ವದ ಅಪಾಯ ಸುಮಾರು ಐದು ಪಟ್ಟು ಎಂದು 1991ರಲ್ಲಿ ಬರೆದಿದ್ದಾರೆ.

ನನ್ನ ಕವಾಟಗಳು ಚೆನ್ನಾಗಿದ್ದವು, ಆದರೆ ಬಿ.ಪಿ. ಇತ್ತು. ಬಡಿತ ಹಿಡಿದಿಡಲು ಒಂದು ಮಾತ್ರೆ, ರಕ್ತ ಹೆಪ್ಪುಗಟ್ಟದಿರಲು ಇನ್ನೊಂದು ಮಾತ್ರೆ ಬಂದವು. "ಸೈಕಲ್ಲು?" ಎಂದು ಕೇಳಿದೆ. "ಮೂರು ತಿಂಗಳು ಬೇಡ, ಆಮೇಲೆ ನೋಡೋಣ" ಎಂದರು. ಮನೆಯಲ್ಲಿ ನೋಡೋಣ ಎನ್ನುವ ಮಾತೇ ಇರಲಿಲ್ಲ. "ಇನ್ನು ಸಾಕು ಮಾರಾಯ್ತಿ, ಆಟೋದಲ್ಲಿ ಹೋಗು" ಎಂದು ಇವರು ಅಂದರು. ಮಗ ಬೆಂಗಳೂರಿನಿಂದ ಫೋನು ಮಾಡಿ, "ಅಮ್ಮ, ಸೈಕಲ್ ಯಾರಿಗಾದರೂ ಕೊಟ್ಟುಬಿಡು" ಎಂದ.

ಆ ಸೈಕಲ್ಲು ನನಗೆ ಸುಮ್ಮನೆ ಬಂದದ್ದಲ್ಲ. ಎಂಟನೇ ತರಗತಿಯ ಹುಡುಗಿಯರಿಗೆ ಸರಕಾರ ಸೈಕಲ್ ಹಂಚಿದ್ದು 2006-07ರಲ್ಲಿ. ಆಗ ನನಗೆ ಮೂವತ್ತೆಂಟು. ಚಿಕ್ಕಂದಿನಲ್ಲಿ ಅಣ್ಣನ ಸೈಕಲ್ ಮುಟ್ಟಿದರೆ ಬೈಸಿಕೊಳ್ಳುತ್ತಿದ್ದವಳು ನಾನು. ಶಾಲೆಯ ಮೈದಾನದಲ್ಲಿ ಹುಡುಗಿಯರು ಕಲಿಯುವುದನ್ನು ನೋಡಿ, ಒಂದು ಶನಿವಾರ ಮಧ್ಯಾಹ್ನ ಸೆರಗು ಸಿಕ್ಕಿಸಿ ಹತ್ತಿದೆ. ಹಿಂದೆ ಕ್ಯಾರಿಯರ್ ಹಿಡಿದು ಓಡಿದವರು ನನ್ನ ವಿದ್ಯಾರ್ಥಿನಿಯರೇ. ಆಮೇಲೆ ನನ್ನದೇ ಸಂಬಳದಲ್ಲಿ ಒಂದು ಲೇಡೀಸ್ ಸೈಕಲ್ ಕೊಂಡೆ.

ನಾನು ಸಮಾಜ ಪಾಠ ಹೇಳುವವಳು. ಯಾವ ಸಂಗತಿ ಸಿಕ್ಕರೂ ಅದಕ್ಕೊಂದು ಇಸವಿ ಹುಡುಕುವುದು ನನ್ನ ಚಾಳಿ. ರಜೆ ಹಾಕಿ ಮನೆಯಲ್ಲಿದ್ದ ಆ ದಿನಗಳಲ್ಲಿ ತಾಳ ತಪ್ಪಿದ ಎದೆಯ ಚರಿತ್ರೆಯನ್ನು ಹುಡುಕಿ ಓದತೊಡಗಿದೆ. ಹೆದರಿಕೆ ಕಳೆದುಕೊಳ್ಳಲು ನನಗೆ ಗೊತ್ತಿದ್ದ ದಾರಿ ಅದೊಂದೇ.

ಮೊದಲು ತೆರೆದದ್ದು ನಮ್ಮ ಆಯುರ್ವೇದದ ಶಾರ್ಙ್ಗಧರ ಸಂಹಿತೆಯ ನಾಡಿ ಪರೀಕ್ಷೆಯ ಭಾಗ. ವಾತದ ನಾಡಿ ಹಾವಿನ ಹಾಗೆ, ಪಿತ್ತದ್ದು ಕಪ್ಪೆಯ ಹಾಗೆ, ಕಫದ್ದು ಹಂಸದ ಹಾಗೆ ನಡೆಯುತ್ತದೆಂದು ಅಲ್ಲಿದೆ. ಓದಲು ಚೆಂದವೇ. ಆದರೆ ನಿಂತು ನಿಂತು ನಡೆಯುವ ನಾಡಿ ಪ್ರಾಣ ತೆಗೆಯುವಂಥದು ಎಂದೂ ಅಲ್ಲೇ ಇದೆ. ಪುಸ್ತಕ ಮುಚ್ಚಿಟ್ಟು ಆ ರಾತ್ರಿ ನಿದ್ದೆಯಿಲ್ಲದೆ ಹೊರಳಿದೆ.

ಮುಂದಿನ ಚರಿತ್ರೆ ಓದಿದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಅದರಲ್ಲಿ ಹೆಸರಿರುವವರೆಲ್ಲ ಗಂಡಸರು. ಆದರೆ ತಿರುವು ಬಂದಲ್ಲೆಲ್ಲ ಹೆಸರಿಲ್ಲದ ಒಬ್ಬ ಹೆಂಗಸು ನಿಂತಿದ್ದಾಳೆ. 1775ರಲ್ಲಿ ಇಂಗ್ಲೆಂಡಿನ ಡಾಕ್ಟರ್ ವಿಲಿಯಂ ವಿದರಿಂಗ್ ಅವರಿಗೆ ಮೈ ಬಾವು ಇಳಿಸುವ ಒಂದು ಮನೆಮದ್ದಿನ ವಿಷಯ ತಿಳಿಯಿತು. ಶ್ರಾಪ್‌ಶೈರಿನ ಒಬ್ಬ ಮುದುಕಿ ಅದನ್ನು ಗುಟ್ಟಾಗಿ ಇಟ್ಟುಕೊಂಡಿದ್ದಳು. ಇಪ್ಪತ್ತಕ್ಕೂ ಹೆಚ್ಚು ಸೊಪ್ಪುಗಳ ಆ ಮದ್ದಿನಲ್ಲಿ ಕೆಲಸ ಮಾಡುತ್ತಿದ್ದದ್ದು ಫಾಕ್ಸ್‌ಗ್ಲೋವ್ ಎಂಬ ಗಿಡದ ಎಲೆ. ವಿದರಿಂಗ್ 1785ರಲ್ಲಿ ಆ ಗಿಡದ ಮೇಲೆ ಪುಸ್ತಕವನ್ನೇ ಬರೆದರು. ಓಡುವ ನಾಡಿಯನ್ನು ನಿಧಾನ ಮಾಡಲು ಇಂದಿಗೂ ಕೊಡುವ ಡಿಜಾಕ್ಸಿನ್ ಅದೇ ಜಾತಿಯ ಗಿಡದ್ದು. 1816ರಲ್ಲಿ ಪ್ಯಾರಿಸ್ಸಿನ ಲೆನೆಕ್, ಒಬ್ಬ ಹುಡುಗಿಯ ಎದೆಗೆ ಕಿವಿ ಹಚ್ಚಲು ಸಂಕೋಚವಾಗಿ ಕಾಗದದ ಸುರುಳಿ ಮಾಡಿ ಕೇಳಿದರು. ಸ್ಟೆತಾಸ್ಕೋಪ್ ಹುಟ್ಟಿದ್ದು ಹಾಗೆ.

ನನ್ನ ಮನಸ್ಸಿಗೆ ಹತ್ತಿರವಾದವರು ಜೇಮ್ಸ್ ಮೆಕೆಂಜಿ. ಬರ್ನ್‌ಲಿ ಎಂಬ ಗಿರಣಿ ಊರಿನ ಸಾಮಾನ್ಯ ಡಾಕ್ಟರು. ಹೃದ್ರೋಗವಿದ್ದ ಒಬ್ಬ ಬಸುರಿ ಹೆರಿಗೆಯಲ್ಲಿ ತಮ್ಮ ಕಣ್ಣೆದುರೇ ತೀರಿಕೊಂಡದ್ದು ಅವರನ್ನು ಬಿಡದೆ ಕಾಡಿತು. ಅಂದಿನಿಂದ ರೋಗಿಗಳ ನಾಡಿಯನ್ನು ಕಾಗದದ ಮೇಲೆ ಬರೆಸುವ ಯಂತ್ರ ಹಿಡಿದು ಕೂತರು. ಕೀಲುಜ್ವರದಿಂದ ಕವಾಟ ಕೆಟ್ಟಿದ್ದ ಒಬ್ಬ ಹೆಂಗಸನ್ನು ವರ್ಷಾನುಗಟ್ಟಲೆ ನೋಡುತ್ತ ಬಂದರು. ಒಂದು ದಿನ ಅವಳ ನಾಡಿ ತಾಳ ತಪ್ಪಿತು. ಅದರ ಜೊತೆಗೇ ಮೇಲಿನ ಕೋಣೆ ಹಿಂಡುವ ಗುರುತೂ ಬರಹದಿಂದ ಮಾಯವಾಯಿತು. ತಪ್ಪು ಎಲ್ಲಿದೆಯೆಂದು ಅವರಿಗೆ ತಿಳಿದದ್ದು ಒಬ್ಬಳನ್ನೇ ಅಷ್ಟು ಕಾಲ ಗಮನಿಸಿದ್ದರಿಂದ. ಆ ಮೇಲಿನ ಕೋಣೆ ಸತ್ತಿಲ್ಲ, ಅದುರುತ್ತಿದೆ ಎಂದು ಲಂಡನ್ನಿನ ಥಾಮಸ್ ಲೂಯಿಸ್ 1909ರಲ್ಲಿ ಇ.ಸಿ.ಜಿ. ಹಿಡಿದು ತೋರಿಸಿದರು. ಆ ಯಂತ್ರ ಮಾಡಿದವರು ಹಾಲೆಂಡಿನ ಐಂಥೋವನ್. ಮೊದಮೊದಲು ರೋಗಿ ಕೈಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿಕೊಂಡು ಕೂರಬೇಕಿತ್ತಂತೆ!

ಆದರೆ ನನ್ನನ್ನು ಹಾಸಿಗೆಯಿಂದ ಎಬ್ಬಿಸಿ ಕೂರಿಸಿದ್ದು 1906ರ ಬೇಸಿಗೆಯ ಒಂದು ಮಧ್ಯಾಹ್ನ. ಆರ್ಥರ್ ಕೀತ್ ಎಂಬ ಅಂಗರಚನೆಯ ಪಂಡಿತರು ಇಂಗ್ಲೆಂಡಿನ ಕೆಂಟ್ ಸೀಮೆಯಲ್ಲಿ ಮನೆ ಮಾಡಿದ್ದರು. ಆ ದಿನ ಗಂಡಹೆಂಡತಿ ಇಬ್ಬರೂ ಚೆರ್ರಿ ತೋಟಗಳ ನಡುವೆ ಸೈಕಲ್ ಹೊಡೆಯಲು ಹೋದರು. ಮನೆಯಲ್ಲಿ ಉಳಿದಿದ್ದ ಅವರ ವಿದ್ಯಾರ್ಥಿ ಮಾರ್ಟಿನ್ ಫ್ಲ್ಯಾಕ್, ಮೋಲ್ ಎಂಬ ನೆಲ ಕೊರೆಯುವ ಪುಟ್ಟ ಪ್ರಾಣಿಯ ಹೃದಯವನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದ. ಇವರು ಸೈಕಲ್ಲಿನಿಂದ ಇಳಿಯುವಷ್ಟರಲ್ಲಿ ಅವನು ಬೆಲ್ಲು ಹೊಡೆಯುವ ಆ ಗಂಟನ್ನು ಕಂಡಿದ್ದ. ಇಬ್ಬರೂ ಅದನ್ನು 1907ರಲ್ಲಿ ಪ್ರಕಟಿಸಿದರು. ನಡುವಿನ ಗೇಟು ಕಾಯುವವನನ್ನು ಜಪಾನಿನ ತವಾರಾ ಅದಕ್ಕೆ ಒಂದು ವರ್ಷ ಮೊದಲೇ ವಿವರಿಸಿದ್ದರು. ಎದೆಯ ಗಡಿಯಾರ ಸಿಕ್ಕ ಹೊತ್ತಿನಲ್ಲಿ ಒಬ್ಬ ಹೆಂಗಸು ಸೈಕಲ್ ತುಳಿಯುತ್ತಿದ್ದಳು ಎನ್ನುವುದು ನನಗೆ ಔಷಧದಷ್ಟೇ ಕೆಲಸ ಮಾಡಿತು.

ಲೂಯಿಸ್ ಅವರ ಬಳಿ ಕಲಿತ ಅಮೆರಿಕದ ಪಾಲ್ ಡಡ್ಲಿ ವೈಟ್, ಏರುಪೇರಾದ ಬಡಿತದ ಒಂದು ಬಗೆಗೆ ತಮ್ಮ ಹೆಸರು ಸೇರಿಸಿ ಹೋದ ದೊಡ್ಡ ವೈದ್ಯರು. ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ 1955ರಲ್ಲಿ ಹೃದಯಾಘಾತವಾದಾಗ ನೋಡಿದವರು ಇವರೇ. ಹೃದಯ ರೋಗಿ ಎಂದರೆ ಹಾಸಿಗೆ ಎಂದಿದ್ದ ಕಾಲದಲ್ಲಿ ನಡೆಯಿರಿ, ಸೈಕಲ್ ಹೊಡೆಯಿರಿ ಎಂದು ಹೇಳಿದರು, ಮುದಿವಯಸ್ಸಿನಲ್ಲೂ ತಾವೇ ಹೊಡೆದರು. ಬಾಸ್ಟನ್ನಿನ ನದಿ ದಂಡೆಯ ಸೈಕಲ್ ದಾರಿಗೆ ಅವರ ಹೆಸರಿದೆ. ಅವರಿಗಿಂತ ಹಿಂದೆ ಫ್ರಾನ್ಸಿಸ್ ವಿಲ್ಲರ್ಡ್ ಎಂಬ ಟೀಚರಮ್ಮ ಐವತ್ತಮೂರನೇ ವಯಸ್ಸಿನಲ್ಲಿ ಸೈಕಲ್ ಕಲಿತು, 1895ರಲ್ಲಿ ಆ ಬಗ್ಗೆ ಪುಸ್ತಕ ಬರೆದಿದ್ದರು. ನಾನೇನೂ ಮೊದಲಿನವಳಲ್ಲ.

ಹಾಗೆಂದು ಸೈಕಲ್ ತುಳಿದರೆ ಎಲ್ಲ ಸರಿಹೋಗುತ್ತದೆ ಎನ್ನಲು ಬರುವುದಿಲ್ಲ. ಸ್ವೀಡನ್ನಿನಲ್ಲಿ ಹಿಮದ ಮೇಲೆ ಜಾರುತ್ತ 90 ಕಿಲೋಮೀಟರ್ ಹೋಗುವ ಪಂದ್ಯವಿದೆ. ಅದರಲ್ಲಿ ಹೆಚ್ಚು ಸಲ ಓಡಿದವರಲ್ಲಿ, ಬೇಗ ಗುರಿ ಮುಟ್ಟಿದವರಲ್ಲಿ ಬಡಿತದ ಏರುಪೇರು ಹೆಚ್ಚು ಎಂದು 2013ರಲ್ಲಿ ಕಂಡುಕೊಂಡರು. ಅದೇ ಪಂದ್ಯದ ಹೆಂಗಸರಲ್ಲಿ ಮಾತ್ರ ಈ ಕಾಯಿಲೆ ಓಡದ ಹೆಂಗಸರಿಗಿಂತ ಕಡಿಮೆ ಎಂದು 2019ರಲ್ಲಿ ಗೊತ್ತಾಯಿತು. ಇದನ್ನು ಇವರಿಗೆ ಓದಿ ಹೇಳಿದೆ. "ಹಿಮದ ಮೇಲೆ ಬಿದ್ದರೆ ಮೆತ್ತಗಿರುತ್ತದೆ, ನಮ್ಮ ರಸ್ತೆ ಹಾಗಲ್ಲ" ಎಂದರು.

ಅವರ ಮಾತಿನಲ್ಲೂ ಹುರುಳಿತ್ತು. ನನ್ನ ಮಾತ್ರೆಯ ಹೆಸರು ವಾರ್ಫರಿನ್. 1933ರಲ್ಲಿ ಅಮೆರಿಕದ ವಿಸ್ಕಾನ್ಸಿನ್ನಿನ ಒಬ್ಬ ರೈತ ಸತ್ತ ಕಡಸನ್ನೂ ಹೆಪ್ಪುಗಟ್ಟದ ರಕ್ತ ತುಂಬಿದ ಹಾಲಿನ ಕ್ಯಾನನ್ನೂ ಹೊತ್ತು ವಿಶ್ವವಿದ್ಯಾಲಯಕ್ಕೆ ಬಂದನಂತೆ. ಕೆಟ್ಟ ಮೇವಿನಲ್ಲಿದ್ದ ವಸ್ತುವಿನ ಜಾಡು ಹಿಡಿದು ಹೋಗಿ 1948ರಲ್ಲಿ ಇಲಿಪಾಷಾಣ ಮಾಡಿದರು, 1954ರಿಂದ ಅದನ್ನೇ ಮನುಷ್ಯರಿಗೂ ಕೊಟ್ಟರು. 2010ರಿಂದ ಬೇರೆ ಹೊಸ ಮಾತ್ರೆಗಳೂ ಬಂದಿವೆ. ನನ್ನದು ಹಳೆಯದು, ಅಗ್ಗದ್ದು. ಆಗಾಗ ರಕ್ತ ಪರೀಕ್ಷೆ ಆಗಬೇಕು. ಹಸಿರು ಸೊಪ್ಪು ಒಂದು ವಾರ ಹೆಚ್ಚು, ಒಂದು ವಾರ ಇಲ್ಲವೇ ಇಲ್ಲ ಎಂದು ಮಾಡಬಾರದು, ಒಂದೇ ಅಳತೆಯಲ್ಲಿ ತಿನ್ನಬೇಕು. ಈ ಮಾತ್ರೆ ನುಂಗುವವರು ಬಿದ್ದರೆ ರಕ್ತ ಬೇಗ ನಿಲ್ಲುವುದಿಲ್ಲ. ತಲೆಗೆ ಪೆಟ್ಟಾದರೆ ಗಾಯ ಕಾಣದಿದ್ದರೂ ಕೂಡಲೇ ಆಸ್ಪತ್ರೆಗೆ ಓಡಬೇಕು.

ಮೂರು ತಿಂಗಳ ಮೇಲೆ ಡಾಕ್ಟರಮ್ಮ ಪರೀಕ್ಷೆ ಮಾಡಿ ಒಪ್ಪಿದರು. ಹೆಲ್ಮೆಟ್ ಇರಬೇಕು, ಮಾತಾಡುತ್ತ ತುಳಿಯುವಷ್ಟೇ ವೇಗ, ಎದೆ ಓಡಿದರೆ, ತಲೆ ತಿರುಗಿದರೆ ಇಳಿಯಬೇಕು. ಶುರು ಮಾಡಿದ ಎರಡನೇ ವಾರವೇ ಒಂದು ನಾಯಿ ಅಡ್ಡ ಬಂದು ಬಿದ್ದೆ. ತಲೆಗೆ ಏನೂ ಆಗಲಿಲ್ಲ. ಮೊಣಕಾಲಿನ ರಕ್ತ ನಿಲ್ಲಲು ಅರ್ಧ ಗಂಟೆ ಹಿಡಿಯಿತು. ಅಷ್ಟೂ ಹೊತ್ತು ಬಟ್ಟೆ ಒತ್ತಿ ಹಿಡಿದು ಕೂತ ಇವರು ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ನನಗೂ ಉತ್ತರ ಕೊಡಲು ಆಗುತ್ತಿತ್ತು. ಅಂದು ಸೈಕಲ್ ಬಿಟ್ಟೇ ಬಿಡೋಣ ಅನ್ನಿಸಿದ್ದು ನಿಜ.

ವಾರದ ಮೇಲೆ, ಕೊಡುವುದಾದರೂ ಸರಿಮಾಡಿಸಿ ಕೊಡೋಣ ಎಂದು ರಿಪೇರಿಗೆ ಒಯ್ದೆ. ಸೈಕಲ್ ಶಾಪಿನ ಹುಡುಗ ನನ್ನನ್ನೂ ಸೈಕಲ್ಲನ್ನೂ ಒಂದು ಗಳಿಗೆ ನೋಡಿ, "ಟೀಚರೇ, ಸೀಟು ಎರಡಿಂಚು ಇಳಿಸಿಕೊಡ್ತೀನಿ. ಕೂತಲ್ಲೇ ಎರಡೂ ಕಾಲು ನೆಲಕ್ಕೆ ಸಿಗ್ತದೆ, ಬೀಳೋ ಮಾತೇ ಇಲ್ಲ" ಎಂದ. ಬೀಳುವ ಮಾತು ಇದ್ದೇ ಇದೆ. ಆದರೂ ಇಳಿಸಿಕೊಂಡು ಬಂದೆ.

ಈಗ ದಿನಾ ಹೊರಡುವ ಮುಂಚೆ ಜಗಲಿಯ ಮೇಲೆ ಕೂತು ಒಂದು ನಿಮಿಷ ಪೂರ್ತಿ ನಾಡಿ ಹಿಡಿಯುತ್ತೇನೆ. ತಾಳ ತಪ್ಪಿದ ನಾಡಿಯನ್ನು ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ. ಎಷ್ಟೆಂದು ಹಳೆಯ ಹಾಜರಿ ಪುಸ್ತಕದಲ್ಲಿ ಬರೆದಿಡುತ್ತೇನೆ. ಕೆಲವು ದಿನ ಸೈಕಲ್, ಕೆಲವು ದಿನ ಆಟೋ. ಬಡಿತ ಹಿಡಿದಿಡುವ ಮಾತ್ರೆಯಿಂದ ಕಾಲು ಭಾರ, ಹಾಗಾಗಿ ಕೆರೆ ಏರಿ ಹತ್ತುವಲ್ಲಿ ಇಳಿದು ತಳ್ಳುತ್ತೇನೆ. ಮೊದಲು ಅದು ನಾಚಿಕೆಯಾಗುತ್ತಿತ್ತು. ಮೊನ್ನೆ ಹಿಂದಿನಿಂದ ಬಂದ ಎಂಟನೇ ತರಗತಿಯ ಹುಡುಗಿಯೊಬ್ಬಳು ತಾನೂ ಇಳಿದು ಪಕ್ಕದಲ್ಲೇ ತಳ್ಳುತ್ತ ಬಂದಳು. "ನೀನ್ಯಾಕೆ ಇಳಿದೆ?" ಎಂದೆ. "ಮಾತಾಡ್ತಾ ಹೋಗೋಣ ಅಂತ ಮಿಸ್" ಎಂದಳು. ಏರಿಯ ಮೇಲೆ ಬಂದು ಇಬ್ಬರೂ ಹತ್ತಿದೆವು. ಅವಳು ಮುಂದೆ ಹೋದಳು, ನಾನು ನನ್ನ ವೇಗದಲ್ಲಿ ಹೋದೆ.