ತಂತಿಯ ಆ ತುದಿಯಲ್ಲಿ ಯಾರಿದ್ದಾರೆ?

ಟೆಲಿಮೆಡಿಸಿನ್ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಕೊರೋನಾ ಕಾಲ. 2020ರಲ್ಲಿ ಮನೆಯಲ್ಲೇ ಕೂತು ಮೊಬೈಲಿನ ಎದುರು ಬಾಯಿ ತೆರೆದು ಡಾಕ್ಟರಿಗೆ ಗಂಟಲು ತೋರಿಸಿದವರು ನಮ್ಮಲ್ಲೇ ಎಷ್ಟೋ ಜನ ಇದ್ದೀರಿ. ಆದರೆ ಈ ವಿದ್ಯೆಗೆ ನೂರಿಪ್ಪತ್ತು ವರ್ಷ ವಯಸ್ಸಾಗಿದೆ ಅಂದರೆ ನಂಬ್ತೀರಾ?

ನಾನು ಇಂಜಿನಿಯರಿಂಗ್ ಓದಿದ್ದು ಎಲೆಕ್ಟ್ರಾನಿಕ್ಸ್, ಹೊಟ್ಟೆಪಾಡಿಗೆ ಬರೆಯೋದು ಆಸ್ಪತ್ರೆಗಳ ಸಾಫ್ಟ್‌ವೇರ್. ಆ ನೆಪದಲ್ಲಿ ಇದರ ಇತಿಹಾಸವನ್ನು ಸ್ವಲ್ಪ ಕೆದಕಿದೆ. ಓದುತ್ತಾ ಹೋದ ಹಾಗೆ ಒಂದು ಸಂಗತಿ ಕಾಣಿಸಿತು. ಯಂತ್ರಗಳು ಬದಲಾಗಿದ್ದು ಎಲ್ಲರಿಗೂ ಗೊತ್ತಿರೋದೇ. ಅದರ ಜೊತೆಗೆ ಸಂಶೋಧಕರು ಕೇಳುವ ಪ್ರಶ್ನೆಯೂ ಬದಲಾಗುತ್ತಾ ಬಂದಿದೆ. ಆ ಪ್ರಶ್ನೆಗಳ ಕತೆಯೇ ಈ ಬರಹ.

ಮೊದಲನೇ ಪ್ರಶ್ನೆ ತೀರಾ ಸರಳ: ಸಿಗ್ನಲ್ ತಲುಪುತ್ತದಾ?

ಹಾಲೆಂಡಿನ ಲೈಡನ್ ಊರಿನಲ್ಲಿ ವಿಲ್ಲೆಮ್ ಐಂಥೋವನ್ ಅನ್ನುವ ವಿಜ್ಞಾನಿ ಇದ್ದರು. ಇವತ್ತು ನಾವು ನೋಡುವ ಇಸಿಜಿಯ ಪಿತಾಮಹ, 1924ರಲ್ಲಿ ನೊಬೆಲ್ ಪಡೆದವರು. ಅವರ ಯಂತ್ರದ ತೂಕ ಸುಮಾರು 270 ಕಿಲೋ! ಅದನ್ನು ಹೊತ್ತುಕೊಂಡು ಆಸ್ಪತ್ರೆಗೆ ಹೋಗೋ ಹಾಗಿಲ್ಲ, ಹೃದಯದ ಕಾಯಿಲೆಯವರನ್ನು ಲ್ಯಾಬಿಗೆ ಎಳೆದು ತರೋ ಹಾಗೂ ಇಲ್ಲ. ಅದಕ್ಕೇ ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಯಿಂದ ಲ್ಯಾಬಿಗೆ ಟೆಲಿಫೋನ್ ತಂತಿಯಲ್ಲಿ ಹೃದಯದ ವಿದ್ಯುತ್ ಸಂಕೇತವನ್ನೇ ಕಳಿಸಿದರು. 1905ರ ಮಾರ್ಚ್ 22ರಂದು ಮೊದಲ ರೆಕಾರ್ಡಿಂಗ್. ಹೃದಯ ಇದ್ದಿದ್ದು ಗಟ್ಟಿಮುಟ್ಟಾದ ಆಳೊಬ್ಬನದ್ದು. ಅಲೆಗಳು ಎತ್ತರವಾಗಿ ಬಂದವು. ಯಾಕೆ ಅಂತ ನೋಡಿದರೆ, ಆಸಾಮಿ ಲ್ಯಾಬಿನಿಂದ ಆಸ್ಪತ್ರೆಯವರೆಗೆ ಸೈಕಲ್ ತುಳಿದುಕೊಂಡು ಹೋಗಿದ್ದನಂತೆ :)

ಇನ್ನೊಂದು ವಿಷಯ ಗಮನಿಸಿ. ಆ ಕಾಲದ ಇಸಿಜಿಗೆ ಕೈಕಾಲುಗಳನ್ನು ಉಪ್ಪುನೀರಿನ ಪಾತ್ರೆಯಲ್ಲಿ ಮುಳುಗಿಸಿ ಕೂರಬೇಕಿತ್ತು. ಅಂದರೆ ತಂತಿಯ ಆ ತುದಿಯಲ್ಲಿ ರೋಗಿಯನ್ನು ಕೂರಿಸಿ, ಪಾತ್ರೆ ಇಟ್ಟು, ಸಮಾಧಾನ ಹೇಳೋಕೆ ಒಬ್ಬರು ಬೇಕೇ ಬೇಕು. ಈ 'ಒಬ್ಬರು' ಮುಂದೆ ಮತ್ತೆ ಮತ್ತೆ ಬರುತ್ತಾರೆ.

ಟಿವಿ ಬಂದ ಮೇಲೆ ಎರಡನೇ ಪ್ರಶ್ನೆ ಹುಟ್ಟಿತು: ದೂರದಿಂದ ನೋಡಿದರೂ ಎದುರಿಗೆ ಕೂತು ನೋಡಿದಷ್ಟೇ ಸರಿಯಾಗಿ ಗೊತ್ತಾಗುತ್ತದಾ?

ಅಮೆರಿಕದ ನೆಬ್ರಾಸ್ಕಾದಲ್ಲಿ ಮನೋವೈದ್ಯ ಸೆಸಿಲ್ ವಿಟ್ಸನ್ ಮತ್ತು ಅವರ ತಂಡ 1950ರ ದಶಕದ ಕೊನೆಗೇ ಎರಡೂ ಕಡೆಯವರು ಒಬ್ಬರನ್ನೊಬ್ಬರು ನೋಡಿ ಮಾತಾಡುವಂಥ ಟಿವಿಯನ್ನು ಚಿಕಿತ್ಸೆಗೆ ಬಳಸಿತ್ತು. 1964ರಲ್ಲಿ 112 ಮೈಲಿ ದೂರದ ನಾರ್ಫೋಕ್ ಮಾನಸಿಕ ಆಸ್ಪತ್ರೆಗೂ ಸಂಪರ್ಕ ಸಿಕ್ಕಿತು. 1968ರಲ್ಲಿ ಬಾಸ್ಟನ್ನಿನಲ್ಲಿ ಡಾ. ಕೆನೆತ್ ಬರ್ಡ್ ಅವರು ಲೋಗನ್ ವಿಮಾನ ನಿಲ್ದಾಣವನ್ನೂ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯನ್ನೂ ಮೈಕ್ರೋವೇವ್ ಮೂಲಕ ಜೋಡಿಸಿದರು. ನಡುವಿನ ದೂರ ನಾಲ್ಕೂ ಚಿಲ್ಲರೆ ಕಿಲೋಮೀಟರ್, ಅಷ್ಟೇ. ಆದರೆ ಅಲ್ಲಿಯ ಟ್ರಾಫಿಕ್ಕು ನಮ್ಮ ಸಿಲ್ಕ್ ಬೋರ್ಡಿನ ಅಣ್ಣ ಅಂದುಕೊಳ್ಳಿ. ನಿಲ್ದಾಣದಲ್ಲಿ ಇರುತ್ತಿದ್ದವರು ನರ್ಸ್‌ಗಳು. ಸ್ಟೆತಸ್ಕೋಪ್ ಎಲ್ಲಿಡಬೇಕು, ಕ್ಯಾಮೆರಾ ಎಲ್ಲಿಗೆ ತಿರುಗಿಸಬೇಕು ಎಲ್ಲ ಅವರ ಕೈಯಲ್ಲಿ. 1974ರಲ್ಲಿ ಇಂಥ ಒಂದು ಸಾವಿರ ತಪಾಸಣೆಗಳ ಫಲಿತಾಂಶ ಪ್ರಕಟವಾಯಿತು. ದೂರದಿಂದ ರೋಗ ಗುರುತಿಸೋದು ಸಾಧ್ಯ ಅನ್ನೋದು ಖಾತ್ರಿಯಾಯಿತು.

ಅದೇ ಸುಮಾರಿಗೆ ನಾಸಾದವರು ಅರಿಜೋನಾದ ಮರುಭೂಮಿಯಲ್ಲಿ, ಆಗ ಪಪಾಗೋ ಅಂತ ಕರೆಸಿಕೊಳ್ಳುತ್ತಿದ್ದ ಟೊಹೊನೋ ಓಡಮ್ ಮೂಲನಿವಾಸಿಗಳ ನಡುವೆ 'ಸ್ಟಾರ್‌ಪಾಕ್' ಅನ್ನುವ ಯೋಜನೆ ನಡೆಸಿದರು. ಹಳ್ಳಿಹಳ್ಳಿಗೆ ಹೋಗುವ ಒಂದು ವ್ಯಾನು, ಅದರಲ್ಲಿ ಉಪಕರಣಗಳು, ಜೊತೆಗೆ ಅಲ್ಲಿಯ ಮೂಲನಿವಾಸಿಗಳೇ ಆದ ಇಬ್ಬರು ಆರೋಗ್ಯ ಸಹಾಯಕರು. ಗಗನಯಾತ್ರಿಗಳಿಗೆ ಚಿಕಿತ್ಸೆ ಕೊಡುವ ಲೆಕ್ಕಾಚಾರದಲ್ಲಿದ್ದ ನಾಸಾಗೂ ಹಳ್ಳಿಯಲ್ಲಿ ಒಬ್ಬ ಮನುಷ್ಯ ಬೇಕಾಯಿತು ನೋಡಿ!

ಇಷ್ಟೆಲ್ಲ ಯಶಸ್ಸಾದ ಮೇಲೆ ಏನಾಯಿತು? ಅನುದಾನ ಮುಗಿಯಿತು, ಯೋಜನೆಗಳೂ ಒಂದೊಂದಾಗಿ ಮುಚ್ಚಿದವು. ಆ ಮೊದಲ ತಲೆಮಾರಿನಲ್ಲಿ ಉಳಿದುಕೊಂಡಿದ್ದರಲ್ಲಿ ಹೆಸರು ಮಾಡಿದ್ದು ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಮೆಮೋರಿಯಲ್ ವಿಶ್ವವಿದ್ಯಾಲಯದ ಯೋಜನೆ. 1977ರಲ್ಲಿ ಅವರೂ ಉಪಗ್ರಹದಿಂದಲೇ ಶುರು ಮಾಡಿದ್ದು. ಆದರೆ ಆಮೇಲೆ ಡಾ. ಮ್ಯಾಕ್ಸ್ ಹೌಸ್ ಮತ್ತು ಅವರ ಜೊತೆಯವರು ಮಾಮೂಲಿ ಟೆಲಿಫೋನ್ ಲೈನಿಗೆ ಇಳಿದರು. ಕೆಲಸಕ್ಕೆ ಸಾಕಾಗುವ ಅತಿ ಸರಳ, ಅತಿ ಅಗ್ಗದ ಸಾಧನ ಬಳಸಬೇಕು ಅನ್ನೋದು ಅವರ ನಿಲುವು. ನಾವು ಕೋಡ್ ಬರೆಯುವವರು ಇದನ್ನು ಗೋಡೆಗೆ ಅಂಟಿಸಿಕೊಳ್ಳಬೇಕು.

ಮೂರನೇ ಪ್ರಶ್ನೆಗೆ ಬರೋಣ. ಇದು ನಮ್ಮ ಕಾಲದ್ದು: ಇದರಿಂದ ರೋಗಿಗೆ ನಿಜವಾಗಲೂ ಒಳ್ಳೆಯದಾಯಿತಾ?

ಅಮೆರಿಕದಲ್ಲಿ 'ಟೆಲಿ-ಎಚ್ಎಫ್' ಅನ್ನುವ ಪ್ರಯೋಗದ ಫಲಿತಾಂಶ 2010ರಲ್ಲಿ ಬಂತು. ಹಾರ್ಟ್ ಫೇಲ್ಯೂರ್ ಆಗಿದ್ದ 1653 ಜನರಲ್ಲಿ ಅರ್ಧದಷ್ಟು ಮಂದಿ ದಿನಾ ಒಂದು ನಂಬರಿಗೆ ಫೋನ್ ಮಾಡಿ, ಯಂತ್ರ ಕೇಳುವ ಪ್ರಶ್ನೆಗಳಿಗೆ ಗುಂಡಿ ಒತ್ತಿ ಉತ್ತರ ಕೊಡಬೇಕು. ಆರು ತಿಂಗಳಾದ ಮೇಲೆ ನೋಡಿದರೆ, ಮತ್ತೆ ಆಸ್ಪತ್ರೆ ಸೇರಿದವರು ಅಥವಾ ತೀರಿಕೊಂಡವರು ಈ ಗುಂಪಿನಲ್ಲಿ ಶೇ. 52.3, ಮಾಮೂಲಿ ಚಿಕಿತ್ಸೆಯ ಗುಂಪಿನಲ್ಲಿ ಶೇ. 51.5. ಏನೇನೂ ಪ್ರಯೋಜನ ಕಾಣಲಿಲ್ಲ. ಸುಮಾರು ಶೇ. 14ರಷ್ಟು ಜನ ಒಂದೇ ಒಂದು ಸಲವೂ ಫೋನ್ ಮಾಡಿರಲಿಲ್ಲ.

ಇದನ್ನು ಓದಿದಾಗ ನನಗೆ ನಮ್ಮ ದೊಡ್ಡಪ್ಪ ನೆನಪಾದರು. ಅವರಿಗೂ ಇದೇ ಕಾಯಿಲೆ, ಇರೋದು ಸಾಗರದ ಹತ್ತಿರದ ಹಳ್ಳಿಯಲ್ಲಿ. ದಿನಾ ಬೆಳಿಗ್ಗೆ ತೂಕ ನೋಡಿ ತುಂಬಿಸಿ ಅಂತ ಆಸ್ಪತ್ರೆಯೊಂದು ಆ್ಯಪ್ ಹಾಕಿಕೊಟ್ಟಿತ್ತು. ಎರಡು ವಾರ ಮಾಡಿದರು. ಆಮೇಲೆ ತೂಕದ ಯಂತ್ರ ಮಂಚದ ಕೆಳಗೆ ಸೇರಿತು. "ನಾ ಬರೆದಿದ್ದನ್ನ ಆ ಕಡೆ ಯಾರಾದ್ರೂ ನೋಡ್ತಾರೇನೋ ಮಾರಾಯಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಒಂದು ದಿನ ಜಗಲಿಯಲ್ಲಿ ಕೂತಿದ್ದ ಅವರ ಕಾಲು ಊದಿಕೊಂಡಿದ್ದನ್ನು ಊರಿನ ಆಶಾ ಕಾರ್ಯಕರ್ತೆ ಕಂಡು, ಅಲ್ಲಿಂದಲೇ ಡಾಕ್ಟರಿಗೆ ಫೋನ್ ಹಚ್ಚಿದರು. ಮೈಯಲ್ಲಿ ನೀರು ತುಂಬಿತ್ತು. ಮಾತ್ರೆ ಬದಲಾಯಿತು, ದೊಡ್ಡಪ್ಪ ಉಳಿದರು.

2018ರಲ್ಲಿ ಜರ್ಮನಿಯಿಂದ ಇನ್ನೊಂದು ಫಲಿತಾಂಶ ಬಂತು. ಅಲ್ಲಿ 1571 ರೋಗಿಗಳು. ತೂಕ, ಬಿಪಿ, ಇಸಿಜಿ ಎಲ್ಲ ದಿನಾ ಬರ್ಲಿನ್ನಿನ ಷರಿಟೆ ಆಸ್ಪತ್ರೆಗೆ ಹೋಗುತ್ತಿತ್ತು. ಅಲ್ಲಿ ಇಪ್ಪತ್ನಾಲ್ಕು ಗಂಟೆಯೂ ವೈದ್ಯರು, ನರ್ಸ್‌ಗಳು ಕೂತು ಅದನ್ನು ನೋಡುತ್ತಿದ್ದರು, ಏರುಪೇರಾದರೆ ತಾವೇ ಫೋನ್ ಮಾಡುತ್ತಿದ್ದರು. ಸಾವಿನ ಪ್ರಮಾಣ ಮಾಮೂಲಿ ಚಿಕಿತ್ಸೆಯಲ್ಲಿ ವರ್ಷಕ್ಕೆ ನೂರಕ್ಕೆ ಸುಮಾರು 11 ಇದ್ದರೆ ಇಲ್ಲಿ ಸುಮಾರು 8. ಎರಡು ಪ್ರಯೋಗಗಳ ನಡುವೆ ಬೇರೆ ವ್ಯತ್ಯಾಸಗಳೂ ಇದ್ದವು, ಒಪ್ಪುತ್ತೇನೆ. ಆದರೂ ದೊಡ್ಡಪ್ಪನ ಪ್ರಶ್ನೆಗೆ ಒಂದು ಕಡೆ ಉತ್ತರ ಇತ್ತು, ಇನ್ನೊಂದು ಕಡೆ ಇರಲಿಲ್ಲ ಅನ್ನೋದು ನನ್ನ ಅನಿಸಿಕೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋದವರು ನ್ಯೂ ಮೆಕ್ಸಿಕೋದ ಡಾ. ಸಂಜೀವ್ ಅರೋರಾ. ಹೆಪಟೈಟಿಸ್ ಸಿ ರೋಗಿಗಳು ಅವರನ್ನು ಕಾಣಲು ಎಂಟು ತಿಂಗಳು ಕಾಯಬೇಕಿತ್ತು. 2003ರಲ್ಲಿ ಅವರು ಶುರು ಮಾಡಿದ 'ಎಕೋ' ಯೋಜನೆಯಲ್ಲಿ ವಿಡಿಯೋದಲ್ಲಿ ಕಾಣಿಸಿಕೊಳ್ಳುವುದು ಊರೂರಿನ ವೈದ್ಯರು. ತಜ್ಞರ ಜೊತೆ ಕೂತು ಕೇಸುಗಳನ್ನು ಚರ್ಚಿಸಿ, ಕಲಿತು, ಚಿಕಿತ್ಸೆಯನ್ನು ತಾವೇ ಕೊಡುತ್ತಾರೆ. 2011ರಲ್ಲಿ 407 ರೋಗಿಗಳ ಲೆಕ್ಕ ಬಂತು: ತಜ್ಞರ ಕ್ಲಿನಿಕ್ಕಿನಲ್ಲಿ ವಾಸಿಯಾದವರು ಶೇ. 57.5, ಊರಿನ ವೈದ್ಯರ ಹತ್ತಿರ ಶೇ. 58.2. ನಮ್ಮ ನಿಮ್ಹಾನ್ಸ್ ಕೂಡ ಇದೇ ಮಾದರಿಯಲ್ಲಿ ತರಬೇತಿ ನಡೆಸುತ್ತಾ ಬಂದಿದೆ.

ಈಗ ನಮ್ಮ ಮನೆಯ ಕತೆ. 2000ದಲ್ಲಿ ಆಂಧ್ರದ ಅರಗೊಂಡ ಹಳ್ಳಿಯಲ್ಲಿ ಅಪೋಲೊದವರ ಟೆಲಿಮೆಡಿಸಿನ್ ಕೇಂದ್ರ ಶುರುವಾಯಿತು. 2002ರಲ್ಲಿ ಇಸ್ರೋ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾಸ್ಪತ್ರೆ ಮತ್ತು ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಣೆಯಾದವು. ಕಾಡಂಚಿನ ಸರಗೂರಿನಲ್ಲಿ ಎದೆನೋವು ಅಂತ ಬಂದವರ ಇಸಿಜಿಯನ್ನು ಬೆಂಗಳೂರಿನ ಹೃದ್ರೋಗ ತಜ್ಞರು ನೋಡುವ ಹಾಗಾಯಿತು. ಸುದ್ದಿಯಾಗಿದ್ದು ಉಪಗ್ರಹ. ಆದರೆ ತಜ್ಞರು ಹೇಳಿದ ಇಂಜೆಕ್ಷನ್ ಕೊಡೋಕೆ ಸರಗೂರಿನಲ್ಲಿ ಕೈಗಳಿದ್ದವಲ್ಲ, ಅದು ನನಗೆ ದೊಡ್ಡದಾಗಿ ಕಾಣುತ್ತದೆ.

ಕೇಂದ್ರ ಸರ್ಕಾರದ ಇ-ಸಂಜೀವಿನಿ 2019ರ ನವೆಂಬರಿನಲ್ಲಿ ಬಂತು. 2020ರ ಮಾರ್ಚ್ 25ರಂದು, ಲಾಕ್‌ಡೌನಿನ ಮೊದಲ ದಿನವೇ, ಟೆಲಿಮೆಡಿಸಿನ್ನಿನ ನಿಯಮಾವಳಿಯೂ ಹೊರಬಿತ್ತು. ಇ-ಸಂಜೀವಿನಿಯಲ್ಲಿ ಎರಡು ದಾರಿ ಇವೆ. ಒಂದರಲ್ಲಿ ರೋಗಿಯೇ ಮೊಬೈಲಿನಿಂದ ನೇರ ಡಾಕ್ಟರನ್ನು ಕಾಣಬಹುದು. ಇನ್ನೊಂದರಲ್ಲಿ ಹಳ್ಳಿಯ ಆರೋಗ್ಯ ಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ ರೋಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಡಾಕ್ಟರಿಗೆ ಕನೆಕ್ಟ್ ಮಾಡುತ್ತಾರೆ. ಸಮಾಲೋಚನೆಗಳಲ್ಲಿ ಬಹುಪಾಲು ನಡೆದಿದ್ದು ಈ ಎರಡನೇ ದಾರಿಯಲ್ಲಿ.

ಮೀಟಿಂಗುಗಳಲ್ಲಿ ನಾವು ಗಂಟೆಗಟ್ಟಲೆ ಚರ್ಚೆ ಮಾಡೋದು ಬ್ಯಾಂಡ್‌ವಿಡ್ತ್ ಬಗ್ಗೆ, ವಿಡಿಯೋ ತಡವರಿಸುವ ಬಗ್ಗೆ, ಈಗೀಗ ಎಐ ಬಗ್ಗೆ. ಎಲ್ಲವೂ ಬೇಕಾದದ್ದೇ. ಆದರೆ ಮುಂದಿನ ವರ್ಷದ ಬಜೆಟ್ಟಿನಲ್ಲಿ ಹಣ ಕಮ್ಮಿ ಬಿದ್ದಾಗ ಮೊದಲು ಕತ್ತರಿ ಬೀಳೋದು ಯಾವುದಕ್ಕೆ? ಸರ್ವರಿಗಾ, ಹಳ್ಳಿಯ ಸಿಸ್ಟರ್ ಸಂಬಳಕ್ಕಾ? ಐಂಥೋವನ್ ಕಾಲದಿಂದ ಹಿಡಿದು ಇಲ್ಲಿಯವರೆಗಿನ ಲೆಕ್ಕ ತೆಗೆದು ನೋಡಿದರೆ, ಸಿಸ್ಟರನ್ನು ತೆಗೆದು ಸರ್ವರ್ ಉಳಿಸಿಕೊಂಡರೆ ಸಿಗ್ನಲ್ ಹೋಗುತ್ತಲೇ ಇರುತ್ತದೆ, ದೊಡ್ಡಪ್ಪನ ಕಾಲು ಊದಿದ್ದು ಮಾತ್ರ ಯಾರಿಗೂ ಕಾಣಿಸುವುದಿಲ್ಲ.

ನಿಮ್ಮ ಊರಿನ ಆರೋಗ್ಯ ಕೇಂದ್ರದಲ್ಲಿ ಯಾರಿದ್ದಾರೆ, ಫೋನ್ ಹಚ್ಚಿದರೆ ಎತ್ತುತ್ತಾರಾ? ಗೊತ್ತಿದ್ದವರು ಬರೆಯಿರಿ.