ನ್ಯಾಷನಲ್ ಫಿಲ್ಮ್ ರಿಜಿಸ್ಟ್ರಿ
ಮುಂದಿನ ತಲೆಮಾರುಗಳಿಗಾಗಿ ಉಳಿಸಬೇಕಾದ ಅಮೆರಿಕನ್ ಚಲನಚಿತ್ರಗಳ ಅಧಿಕೃತ ಪಟ್ಟಿ. ಕಪ್ಪು-ಬಿಳುಪು ಚಿತ್ರಗಳಿಗೆ ಬಣ್ಣ ಹಚ್ಚುವುದನ್ನು ನಿರ್ದೇಶಕರು ಪ್ರತಿಭಟಿಸಿದ ಹಿನ್ನೆಲೆಯಲ್ಲಿ ಬಂದ 1988ರ ರಾಷ್ಟ್ರೀಯ ಚಲನಚಿತ್ರ ಸಂರಕ್ಷಣಾ ಕಾಯ್ದೆ ಇದಕ್ಕೆ ಆಧಾರ. ಸಾಂಸ್ಕೃತಿಕ, ಚಾರಿತ್ರಿಕ ಇಲ್ಲವೇ ಕಲಾತ್ಮಕ ಮಹತ್ವವುಳ್ಳ, ಕನಿಷ್ಠ 10 ವರ್ಷ ಹಳೆಯದಾದ ಚಿತ್ರಗಳು ಮಾತ್ರ ಅರ್ಹ. ಸಾರ್ವಜನಿಕರೂ ಹೆಸರು ಸೂಚಿಸಬಹುದು. ಸಂರಕ್ಷಣಾ ಮಂಡಳಿಯೊಡನೆ ಸಮಾಲೋಚಿಸಿ ಲೈಬ್ರರಿ ಆಫ್ ಕಾಂಗ್ರೆಸ್‌ನ ಮುಖ್ಯಸ್ಥರು ವರ್ಷಕ್ಕೆ ಗರಿಷ್ಠ 25 ಚಿತ್ರಗಳನ್ನು ಆರಿಸುತ್ತಾರೆ. 1989ರ ಮೊದಲ ಪಟ್ಟಿಯಲ್ಲಿ ‘ಸಿಟಿಜನ್ ಕೇನ್’, ‘ಕಾಸಾಬ್ಲಾಂಕಾ’, ‘ಸ್ಟಾರ್ ವಾರ್ಸ್’ ಇದ್ದವು. ಕಥಾಚಿತ್ರಗಳಷ್ಟೇ ಅಲ್ಲದೆ ಸಾಕ್ಷ್ಯಚಿತ್ರ, ಸುದ್ದಿಚಿತ್ರ, ಹವ್ಯಾಸಿಗಳು ತೆಗೆದ ತುಣುಕುಗಳಿಗೂ ಇಲ್ಲಿ ಸ್ಥಾನವಿದೆ. ಅಧ್ಯಕ್ಷ ಕೆನಡಿ ಹತ್ಯೆಯನ್ನು ಸೆರೆಹಿಡಿದ ಜಪ್ರೂಡರ್ ಚಿತ್ರಿಕೆ 1994ರಲ್ಲಿ ಸೇರ್ಪಡೆಯಾಯಿತು.